ಇಪ್ಪತ್ತಮೂರನೆಯದು

ಹಲಗೆಯ ಮೇಲೆ ಇಪ್ಪತ್ತೆರಡು ಮೊಳೆ,
ಮೊಳೆಗೊಂದು ಬಿಲ್ಲೆ, ಬಿಲ್ಲೆಗೊಂದು ಹೆಸರು.
ಕೆಂಪು ಮಗ್ಗುಲೆಂದರೆ ಆಸಾಮಿ ದಡದಲ್ಲಿ,
ನೀಲಿಯೆಂದರೆ ನೀರಲ್ಲಿ.
ಜುಲೈ ಪೂರ್ತಿ ನನ್ನ ಕೆಲಸ ಇಷ್ಟೇ,
ಮೇಯ್ನ್‌ನ ಬಡಗಣ ತುದಿಯ ಈ ಕೆರೆಯಲ್ಲಿ:
ಬಿಲ್ಲೆ ತಿರುಗಿಸುವುದು,
ಹತ್ತು ನಿಮಿಷಕ್ಕೊಮ್ಮೆ ಸೀಟಿ ಊದಿ
ತಲೆ ಎಣಿಸುವುದು.
(ಚಳಿಗಾಲದಲ್ಲಿ ಆಲೂಗಡ್ಡೆ ಗೋದಾಮು. ಅಲ್ಲೂ ಎಣಿಕೆಯೇ.
ಆಲೂಗಡ್ಡೆ ಮುಳುಗುವುದಿಲ್ಲ.)

ಲೂಸಿಲ್‌ಗೆ ನಲವತ್ತೊಂದು. ಸೊಂಟದ ತನಕ ಇಳಿದು
ಮಧ್ಯಾಹ್ನ ಊಟಕ್ಕೇನು ಎನ್ನುತ್ತಾಳೆ, ಗೊತ್ತಿದ್ದೂ;
ಉತ್ತರ ಇಟ್ಟಲ್ಲೇ ಇದೆಯೇ ಎಂದು ಮುಟ್ಟಿ ನೋಡುವ ಹಾಗೆ.
ವೆಂಡೆಲ್ ಕಿವಿಮುಚ್ಚುಗೆ ಕಳಚುವುದು ಮುಳುಗುವಾಗ ಮಾತ್ರ;
ಒಳಗೆ ಯಾರೂ ಕೂಗುವುದಿಲ್ಲವಂತೆ.
ಪರ್ಲಿ ಅಂಗೈ ಬಡಿದು ಬಡಿದು
ಬಿಸಿಲನ್ನೆಲ್ಲ ಚಿಲ್ಲರೆ ಮಾಡುತ್ತಾನೆ.

ಓರಿನ್ ತಿಬೊಡೊ ನೀರಿಗಿಳಿಯುವುದಿಲ್ಲ.
ಹತ್ತೊಂಬತ್ತು ವರ್ಷ, ಆರಡಿ, ಎರಡು ಜೊತೆ ಕಾಲುಚೀಲ.
ಮೊದಲ ದಿನವೇ ನನ್ನ ಕೈಯಿಂದ ಬಿಲ್ಲೆ ತೆಗೆದುಕೊಂಡು
ಹಲಗೆಯ ಮುಂದೆ ನಿಂತ. ನಾನೂ ಬಿಟ್ಟೆ.
ಇಳಿದವರು ಯಾರು, ಹತ್ತಿದವರು ಯಾರು
ತಿರುಗಿ ನೋಡಬೇಕಿಲ್ಲ ಅವನು;
ಅವರವರ ಭಾರಕ್ಕೆ ಮರದ ಕಟ್ಟೆ ಕಿರುಗುಟ್ಟುವುದು ಬೇರೆ ಬೇರೆ.
ಶಾಲೆಯಲ್ಲಿ ಅವನು ಆಟಕ್ಕುಂಟು ಲೆಕ್ಕಕ್ಕಿಲ್ಲ,
ಬೇಲಿಯ ಬಳಿ ನಿಲ್ಲಿಸುತ್ತಿದ್ದರಂತೆ.
ಅರ್ಜಿಯಲ್ಲಿ 'ಇಷ್ಟದ ಆಟಗಳು' ಎಂಬಲ್ಲಿ ಬರೆಯಹೊರಟು
ಜಾಗ ಸಾಲದೆ, ಹಾಳೆಯ ಹಿಂದೆ
ಅವನ ತಾಯಿ ಬರೆದದ್ದು ಇದು.

ಮೂರನೆಯ ದಿನ ಸೀಟಿ ಊದಿದೆ.
ನೀರಲ್ಲಿ ಇಪ್ಪತ್ತೊಂದು, ದಡದಲ್ಲಿ ಇವನೊಬ್ಬ.
'ಇಪ್ಪತ್ಮೂರು,' ಎಂದ ಓರಿನ್.
ಹೊಟ್ಟೆ ತಣ್ಣಗಾಯಿತು ನನಗೆ;
ಒಂದು ಹೆಚ್ಚಾದರೂ ಒಂದು ಕಡಿಮೆಯಾದಷ್ಟೇ ಭಯ.
ಮತ್ತೆ ಎಣಿಸಿದೆ. ಇಪ್ಪತ್ತೆರಡು.
'ಇಪ್ಪತ್ಮೂರು.' ಬೆರಳು ಹಗ್ಗದಾಚೆಗಿತ್ತು.
ಅಲ್ಲಿ ತೇಲುತ್ತಿತ್ತು ಲೂನ್ ಹಕ್ಕಿ,
ಕಪ್ಪು ಬೆನ್ನ ತುಂಬ ಬಿಳಿ ಚುಕ್ಕಿ, ಕೆಂಡದ ಕಣ್ಣು,
ನಮ್ಮ ಗದ್ದಲ ತನಗೆ ಸಂಬಂಧವಿಲ್ಲ ಎಂಬಂತೆ.
ಸಂಜೆ ಓಟ್ಸ್ ಡಬ್ಬಿಯ ಮುಚ್ಚಳ ಕತ್ತರಿಸಿ
ಬಣ್ಣ ಬಳಿದು, ಹೊಸ ಮೊಳೆ ಹೊಡೆದ.
ಎರಡೂ ಮಗ್ಗುಲು ನೀಲಿ.

ಗುರುವಾರ, ಊಟದ ಹೊತ್ತು.
ಎಲ್ಲರೂ ಕೈ ಎತ್ತಿ ನಿಂತಿದ್ದಾರೆ,
ಗಂಟೆಯ ಹಗ್ಗ ಓರಿನ್ ಕೈಯಲ್ಲಿದೆ,
ಅವನು ಎಳೆಯುತ್ತಿಲ್ಲ.
'ಒಬ್ಬರು ಇಲ್ಲ.'
ಹಗ್ಗದಾಚೆ ಬರೀ ನೀರು.
ಒಬ್ಬರು ಕಾಣದಿದ್ದರೆ ಯಾರೂ ಕದಲುವಂತಿಲ್ಲ:
ಹಲಗೆಯ ಕೆಳಗೆ ನಿಯಮ, ನನ್ನದೇ ಕೈಬರಹ.
ಅಡುಗೆಮನೆಯಿಂದ ಹುಲ್ಡಾ ಕ್ರಾಕೆಟ್ ಬಂದರು,
ಮ್ಯಾಕರೋನಿ ಆರುತ್ತಿದೆ ಎನ್ನಲು ಬಾಯಿ ತೆರೆದರು,
ಹಲಗೆ ನೋಡಿದರು, ಮುಚ್ಚಿದರು.
ಲೂಸಿಲ್ ಏನೂ ಕೇಳಲಿಲ್ಲ.
ಪರ್ಲಿಯ ಕೈ ಮೊದಲ ಸಲ ಸುಮ್ಮನಿತ್ತು.
ವೆಂಡೆಲ್ ಕಿವಿಯನ್ನು ನೀರಿಗೊತ್ತಿ ಆಲಿಸುತ್ತಿದ್ದ.
ಒಂದು ನಿಮಿಷ. ತುಟಿಗಳು ನೀಲಿಗಟ್ಟಿದವು.
ಇನ್ನೂ ಸ್ವಲ್ಪ.

ಆಮೇಲೆ ದೂರದಲ್ಲಿ,
ನಾವು ನೋಡದೆ ಇದ್ದ ದಿಕ್ಕಿನಲ್ಲಿ,
ನೀರು ಸೀಳಿ ಒಂದು ಕಪ್ಪು ಕೊರಳು,
ಕೊಕ್ಕಿನಲ್ಲಿ ಮಿಲಮಿಲ ಏನೋ.
ಗಂಟೆ ಬಾರಿಸಿತು, ಬಾರಿಸುತ್ತಲೇ ಇತ್ತು.
'ಮ್ಯಾಕರೋನಿ,' ಎಂದಳು ಲೂಸಿಲ್, ಹಲ್ಲು ಕಟಕಟಿಸುತ್ತ,
ಈ ಸಲ ಪ್ರಶ್ನೆಯಲ್ಲ.

ಶನಿವಾರ ಕಾರುಗಳು ಬಂದವು.
ತಂತಮ್ಮ ಬಿಲ್ಲೆ ತೆಗೆದುಕೊಂಡು ಹೋದರು ಎಲ್ಲ.
ಓರಿನ್ ತನ್ನದನ್ನು, ತಿಂಗಳಿಡೀ ಕೆಂಪಾಗಿದ್ದುದನ್ನು,
ಅಂಗಿಯಿಂದ ಒರೆಸಿ ಜೇಬಿಗಿಟ್ಟ.
ಟಾಟಾ ಮಾಡಲಿಲ್ಲ. ಕಾರಿನ ಕಿಟಕಿಗಳನ್ನು ಎಣಿಸುತ್ತಿದ್ದ.

ಅಕ್ಟೋಬರ್ ಕೊನೆಗೆ ಹಲಗೆ ಕಳಚಲು ಬಂದೆ.
ನೀರು ಹೆಪ್ಪುಗಟ್ಟುವ ಮೊದಲೇ
ಆ ಹಕ್ಕಿಗಳು ಕಡಲಿಗೆ ಹೋಗಿಬಿಡುತ್ತವೆ,
ಇಲ್ಲಿಯವರಿಗೆಲ್ಲ ಗೊತ್ತಿರುವ ವಿಷಯ.
ಬೋಳು ಮೊಳೆಗಳ ಸಾಲಿನ ಕೊನೆಗೆ
ಅದೊಂದು ಬಿಲ್ಲೆ, ಮಳೆಗೆ ಉಬ್ಬಿಕೊಂಡು.
ತಿರುಗಿಸಿದೆ. ನೀಲಿ.
ಮತ್ತೆ ತಿರುಗಿಸಿದೆ.
ಸುತ್ತಿಗೆ ಕೆಳಗಿಟ್ಟು, ಕಟ್ಟೆಯ ತುದಿಗೆ ಹೋಗಿ
ಸ್ವಲ್ಪ ಹೊತ್ತು ನಿಂತೆ.